ಬೆನ್ನು ನೋಡಿ ಒಡವೆ ಹೇಳುವ ಪುಟ್ಟಮಾದಮ್ಮ

ನಂಜನಗೂಡಿನಲ್ಲಿ ಕಪಿಲೆಯತ್ತ ಇಳಿಯುವ ಓಣಿ. ಬೆಳಗಿನ ಆರೂಕಾಲು. ಬಾಗಿಲು ತೆರೆಯದ ಅಂಗಡಿಯೊಂದರ ಜಗಲಿಯ ಮೇಲೆ ಪುಟ್ಟಮಾದಮ್ಮ ಕಾಲು ಚಾಚಿ ಕೂತಿದ್ದಾರೆ. ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು ಕರಿಮಣಿ ಪೋಣಿಸುತ್ತಿದ್ದಾರೆ. ಆ ಬೆರಳುಗಳ ಓಟ ನೋಡಿದರೆ ಮೈಸೂರಿನ ರೈಲು ನಾಚಿಕೊಂಡು ನಡುದಾರಿಯಲ್ಲೇ ನಿಂತುಬಿಡಬೇಕು.

ಪೋಣಿಸುವುದು ಅವರ ಕಸುಬು. ಆದರೆ ಊರಿನವರು ಹುಡುಕಿಕೊಂಡು ಬರುವುದು ಇನ್ನೊಂದಕ್ಕೆ. ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದು, ಸಂತೆಯಲ್ಲಿ ಕೊಂಡದ್ದು, ಹಳೆಯದೋ ಹೊಸದೋ, ಚಿನ್ನವೋ ಗಿಲೀಟೋ, ಅವರು ಹೇಳಬೇಕು. ಅದೂ ಬೆಳಗಿನ ಆರರಿಂದ ಏಳೂವರೆಯೊಳಗೆ ಮಾತ್ರ. ‘ಲೈಟು ಬೆಳಕಲ್ಲಿ ಎಲ್ಲಾ ಕಲ್ಲೂ ಮದುವೆಣ್ಣಂಗೆ ಕಾಣ್ತವೆ ಸಾ. ಒತ್ತಾರೆ ಬೆಳಕು ಯಾರಿಗೂ ಮುಲಾಜು ನೋಡಾಕಿಲ್ಲ’ ಎನ್ನುತ್ತಾರೆ.

ವಯಸ್ಸು ಅರವತ್ತೇಳು. ತವರು ತಲಕಾಡಿನ ಕಡೆ. ಈ ಕೆಲಸ ಕಲಿಸಿದ್ದು ಅತ್ತೆ. ದಿನಕ್ಕೆ ಎಂಟು ಹತ್ತು ಸರ ಪೋಣಿಸುತ್ತಾರೆ, ಸರಕ್ಕೆ ಅರವತ್ತು ರೂಪಾಯಿ. ಒಡವೆ ನೋಡಿ ಹೇಳುವುದು ಮಾತ್ರ ಪುಕ್ಕಟೆ. ‘ಕಣ್ಣು ನಾನೇನು ಕಾಸು ಕೊಟ್ಟು ತಂದಿದ್ದಾ?’

ಕಲಿಯುವಾಗ ಪೆಟ್ಟೂ ತಿಂದಿದ್ದಾರೆ. ಮದುವೆಯಾದ ಹೊಸತರಲ್ಲಿ ದೊಡ್ಡ ಮನೆಯೊಂದರ ಕೆಂಪುಕಲ್ಲಿನ ಪದಕ ಪೋಣಿಸಲು ಬಂತು. ಫಳಫಳ ಮಾಡಿ ಕೊಡೋಣವೆಂದು ಅಂಟುವಾಳದ ನೀರಿನಲ್ಲಿ ಕುದಿಸಿದರು. ತೆಗೆದು ನೋಡಿದರೆ ಕೆಂಪುಕಲ್ಲೆಲ್ಲ ಕಲ್ಲುಸಕ್ಕರೆ! ಅದು ಬರೀ ಗಾಜು, ಹಿಂದೆ ಕೆಂಪು ತಗಡಿನ ಹಾಳೆ ಇಟ್ಟು ಕೂರಿಸಿದ್ದು. ಬಿಸಿನೀರಿಗೆ ಆ ಬಣ್ಣ ಬಿಟ್ಟಿತ್ತು. ‘ಕಲ್ಲು ಬದ್ಲಾಯಿಸ್ಬುಟ್ಲು ಅಂತ ಓಣಿ ತುಂಬಾ ಸಾರುದ್ರು. ಒಂದು ವರ್ಸ ಯಾರೂ ಒಂದು ಮಣಿ ಕೊಡ್ನಿಲ್ಲ. ಆವತ್ತಿಂದ ಯಾವ ಒಡ್ವೆನೂ ಮೊದ್ಲು ತಿರುವಾಕಿ ಬೆನ್ನು ನೋಡ್ತೀನಿ.’

ಅಷ್ಟರಲ್ಲಿ ದೇವನೂರಿನ ಧನುಶ್ರೀ ಬರುತ್ತಾಳೆ. ಕೈಗಾರಿಕಾ ಪ್ರದೇಶದ ಕಾರ್ಖಾನೆಯಲ್ಲಿ ಕೆಲಸ, ಒಂದು ವರ್ಷದಿಂದ ಹಳೆ ಒಡವೆ ಕೂಡಿಡುವ ಹುಚ್ಚು. ನೂರು ವರ್ಷದ್ದೆಂದು ಅವಳು ಮೊದಲು ಕೊಂಡ ಸರ ಕಳೆದ ದೀಪಾವಳಿಯ ಒನ್ ಗ್ರಾಂ ಗೋಲ್ಡ್ ಎಂದು ತಿಳಿದಾಗ ಪುಟ್ಟಮಾದಮ್ಮ ನಕ್ಕ ನಗೆಗೆ ಹೊಳೆಯಾಚೆಯ ಕೊಕ್ಕರೆಗಳೆಲ್ಲ ಎದ್ದು ಹಾರಿದವಂತೆ.

ಇವತ್ತು ಅವಳ ಮುಖದಲ್ಲಿ ನಗುವಿಲ್ಲ. ಕರವಸ್ತ್ರ ಬಿಚ್ಚಿ ಒಂದು ಜೊತೆ ಕೆಂಪುಕಲ್ಲಿನ ಓಲೆ ಇಡುತ್ತಾಳೆ. ಅವಳ ಅಜ್ಜಿಯದು. ಅಜ್ಜಿ ತೀರಿಕೊಂಡ ಮೇಲೆ, ನಾಟಕದಲ್ಲಿ ದ್ರೌಪದಿ ಪಾರ್ಟು ಮಾಡುತ್ತಿದ್ದ ತಾತನ ವೇಷದ ಪೆಟ್ಟಿಗೆಯಲ್ಲಿ ಸಿಕ್ಕಿತು. ಈಗ ಅದರ ಹಕ್ಕು ತಿ. ನರಸೀಪುರದ ದೊಡ್ಡಮ್ಮ ಪುಟ್ಟಗೌರಮ್ಮನದು. ದೊಡ್ಡಮ್ಮನ ತೀರ್ಮಾನ ನೇರ: ಗಿಲೀಟಾದರೆ ಧನುಶ್ರೀಗೆ. ಚಿನ್ನವಾದರೆ ಇವತ್ತೇ ಕರಗಿಸಿ ಮಗಳ ಮದುವೆಗೆ ಜುಮುಕಿ.

ದೊಡ್ಡಮ್ಮ ಮೂಲೆಯ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದಾರೆ. ಧನುಶ್ರೀ ಬಗ್ಗಿ ಪಿಸುಗುಡುತ್ತಾಳೆ: ‘ಮಾದಮ್ಮಜ್ಜಿ, ಗಿಲೀಟು ಅಂದ್ಬುಡಿ. ನಿಮ್ಮ ಮಾತು ಯಾರೂ ತೆಗ್ದಾಕಲ್ಲ. ಇಲ್ದಿದ್ರೆ ಕರಗೋಯ್ತದೆ.’

ಪುಟ್ಟಮಾದಮ್ಮ ಓಲೆ ತಿರುವಿ ಬೆನ್ನು ನೋಡುತ್ತಾರೆ. ತಿರುಪು ಉಜ್ಜಿ ಸವೆದ ಕಡೆ ಉಗುರಾಡಿಸುತ್ತಾರೆ. ಗಿಲೀಟಾದರೆ ಅಲ್ಲಿ ಒಳಗಿನ ತಾಮ್ರ ಇಣುಕಬೇಕು. ಇಲ್ಲಿ ಸವೆದಲ್ಲೂ ಅದೇ ಹಳದಿ. ಆಮೇಲೆ ಎಡದ ಓಲೆಯ ತಿರುಪನ್ನು ಬಲದ್ದಕ್ಕೆ ಹಾಕುತ್ತಾರೆ. ಕೂರುವುದಿಲ್ಲ.

‘ಮಿಶೀನಲ್ಲಿ ಮಾಡಿದ್ದಾಗಿದ್ರೆ ಯಾವ ತಿರುಪು ಯಾವುದ್ಕಾದ್ರೂ ಕುಂತ್ಕತದೆ ಕಣವ್ವ. ಕೈಯಲ್ಲಿ ತಿರುಪಿನ ಸುತ್ತು ಕೊಯ್ದಿದ್ದು ತನ್ನ ಓಲೆ ಬುಟ್ಟು ಇನ್ನೊಂದ್ರ ಮಕನೂ ನೋಡಾಕಿಲ್ಲ. ಇದು ಅಳೇದು. ಚಿನ್ನ.’

‘ಅಜ್ಜೀ...’

‘ಸುಮ್ಕಿರು. ಕರಿ ನಿಮ್ಮ ದೊಡ್ಡವ್ವನ್ನ.’

ಪುಟ್ಟಗೌರಮ್ಮ ಬಂದು ಕೇಳಿ, ಟೀ ಲೋಟ ಹಿಡಿದೇ ನಿಂತುಬಿಡುತ್ತಾರೆ. ಎದುರಿನ ಅಕ್ಕಸಾಲಿ ಶಿವಣ್ಣ ಆಗ ತಾನೇ ಬಾಗಿಲು ತೆಗೆಯುತ್ತಿದ್ದಾರೆ. ಒರೆಗಲ್ಲಿಗೆ ತೀಡಿ ಹೇಳುತ್ತಾರೆ: ‘ಚಿನ್ನನೇ ಕಣಮ್ಮ. ಆದ್ರೆ ಒಳಗೆಲ್ಲ ಅರಗು, ಮೇಲೆ ಗಾಜು. ಕರಗ್ಸುದ್ರೆ ಜುಮುಕಿ ಇರ್ಲಿ, ಮೂಗುಬೊಟ್ಟಾದ್ರೆ ನಿನ್ನ ಪುಣ್ಯ.’

ಪುಟ್ಟಗೌರಮ್ಮ ಜಗಲಿಯ ಮೇಲೆ ಕೂತುಬಿಡುತ್ತಾರೆ. ‘ನಮ್ಮವ್ವ ಸಾಯೋಗಂಟ ನನ್ನ ಚಿನ್ನದೋಲೆ, ಚಿನ್ನದೋಲೆ ಅಂತಿದ್ಲು ಮಾದಕ್ಕ. ಅದು ನಾಟಕದ ಗಿಲೀಟು, ದ್ರೌಪದಿ ಓಲೆ, ಸುಮ್ನಿರವ್ವ ಅಂತ ಮನೆಮಂದಿಯೆಲ್ಲ ನಗ್ತಿದ್ವಿ.’

‘ನಿಮ್ಮಪ್ಪ ಎಂಡ್ತಿ ಓಲೆನೇ ಇಕ್ಕೊಂಡು ಕುಣ್ದವ್ನೆ ಬುಡು!’ ಎಂದು ಪುಟ್ಟಮಾದಮ್ಮ ಅನ್ನುತ್ತಲೇ ಮೂವರೂ ನಗುತ್ತಾರೆ. ಪುಟ್ಟಗೌರಮ್ಮನ ಕಣ್ಣು ಮಾತ್ರ ಒದ್ದೆ.

ಕಿವಿಯ ಓಲೆ ಬಿಚ್ಚಿ ಅಲ್ಲೇ ಅವ್ವನದನ್ನು ಹಾಕಿಕೊಳ್ಳುತ್ತಾರೆ. ‘ಮದ್ವೆಗೆ ಇದ್ನೇ ಇಕ್ಕೊತೀನಿ. ಜುಮುಕಿಗೆ ನನ್ನವು ಕೊಟ್ರಾಯ್ತು.’ ಆಮೇಲೆ ಧನುಶ್ರೀಯ ಸಪ್ಪೆ ಮುಖ ನೋಡಿ, ‘ಲೇ, ಪೆಟ್ಟಿಗೇಲಿ ಡಾಬು, ವಂಕಿ, ಭುಜಕೀರ್ತಿ ಎಲ್ಲಾ ಬಿದ್ದವೆ. ಅವು ಗಿಲೀಟೇ. ಬೇಕಾ?’

ಧನುಶ್ರೀ ಪುಟ್ಟಮಾದಮ್ಮನ ಕಡೆ ತಿರುಗುತ್ತಾಳೆ. ‘ಇಸ್ಕೊ ಮಗ. ಕೈಲಿ ಬಡ್ದ ಇತ್ತಾಳೆ ವೇಸದೊಡ್ವೆ ಈಗ ಯಾರು ಮಾಡ್ತಾರೆ? ಉಣಿಸೆಣ್ಣು ಆಕಿ ಉಜ್ಜೀಯ, ಉಸಾರು. ಮ್ಯಾಲಿನ ತೆಳ್ಳನೆ ಗಿಲೀಟು ಒಂಟೋಯ್ತದೆ.’ ಹುಡುಗಿಯ ಮುಖ ಅರಳುತ್ತದೆ. ನರಸೀಪುರದ ಬಸ್ಸಿಗೆ ದೊಡ್ಡಮ್ಮನಿಗಿಂತ ಅವಳೇ ಮುಂದೆ ಓಡುತ್ತಾಳೆ.

ಗಿಲೀಟು ಎಂದಿದ್ದರೂ ಓಲೆ ಉಳಿಯುತ್ತಿತ್ತಲ್ಲ ಎಂದು ಕೇಳಿದರೆ ಪುಟ್ಟಮಾದಮ್ಮ ಹಲ್ಲಿನಲ್ಲಿ ದಾರ ಕಚ್ಚಿ ಗಂಟು ಬಿಗಿಯುತ್ತಾರೆ.

‘ಓಲೆ ಉಳೀತಿತ್ತು ಸಾ. ಸತ್ತೋದ ಆ ಮುದುಕಿ ಸುಳ್ಳಿ ಆಗೇ ಇರ್ತಿದ್ಲು. ಇವತ್ತು ಅವಳ ಮಾತು ನಿಜ ಆಯ್ತಲ್ಲ, ಅಷ್ಟು ಸಾಕು ಬುಡಿ.’