ಪಿಟೀಲು ಗೀತಮ್ಮ ಹೊಸಹಳ್ಳಿಗೆ ಹೋದದ್ದು

ಕೂಡ್ಲಿಗಿಯಲ್ಲಿ ನಮ್ಮ ಬೀದಿಯ ಕೊನೆಯ ಮನೆ ಗೀತಮ್ಮನದು. ಗಂಡ ಕೊಟ್ರಸ್ವಾಮಿ ಸರ್ಕಾರಿ ಬಸ್ಸಿನ ಡ್ರೈವರ್. ಆತ ಬೆಳಿಗ್ಗೆ ಡಿಪೋಕ್ಕೆ ಹೋದ ಮೇಲೆ ಗೀತಮ್ಮ ಮುಂದಿನ ಕೋಣೆಯಲ್ಲಿ ಚಾಪೆ ಹಾಸುತ್ತಾಳೆ, ಮಕ್ಕಳು ಒಬ್ಬೊಬ್ಬರಾಗಿ ಬರುತ್ತಾರೆ, ಪಿಟೀಲಿನ ದನಿ ಶುರುವಾಗುತ್ತದೆ. ಮೊದಮೊದಲು ಬೆಕ್ಕಿನ ಜಗಳದಂತೆ ಕೇಳಿಸುತ್ತಿದ್ದ ಅದು ಈಗ ನಮಗೆ ಕುಕ್ಕರಿನ ಸೀಟಿಯಷ್ಟೇ ರೂಢಿ. ಊರಿನವರಿಗೆ ಆಕೆ ಪಿಟೀಲು ಗೀತಮ್ಮ. ಹಾಗೆ ಕರೆಸಿಕೊಳ್ಳುವುದಕ್ಕಿಂತ ಹೆಚ್ಚಿನ ಹೆಮ್ಮೆ ಆಕೆಗೆ ಇನ್ನೊಂದು ಮಾತಿನಲ್ಲಿತ್ತು. ತಾನು ಪಂಡಿತ ಚನ್ನಬಸವಯ್ಯನವರ ಶಿಷ್ಯೆ ಎಂಬುದರಲ್ಲಿ.

ಚನ್ನಬಸವಯ್ಯನವರು ತುಂಗಭದ್ರೆ ದಂಡೆಯ ಹಲವಾಗಲಿನವರು. ಹೊಳೆಯ ಊರಿನಲ್ಲಿ ಹುಟ್ಟಿ ಹರಪನಹಳ್ಳಿಯಲ್ಲಿ ಮನೆ ಮಾಡಿದರು. ರೇಡಿಯೋದಲ್ಲಿ ಅವರ ಪಿಟೀಲು ಬಂದರೆ ಹೋಟೆಲಿನವರು ಗಿರಾಕಿಗಳಿಗೆ ಸುಮ್ಮನಿರಲು ಹೇಳುತ್ತಿದ್ದ ಕಾಲವೊಂದಿತ್ತು. ದೊಡ್ಡ ಊರುಗಳ ಕಾಲೇಜುಗಳು ಕರೆದರೂ ಅವರು ಹೋಗಲಿಲ್ಲ. ಜಾತಿ ಕೇಳದೆ, ಫೀಸು ಕೇಳದೆ, ಬಾಗಿಲಿಗೆ ಬಂದ ಮಕ್ಕಳನ್ನು ಕೂರಿಸಿ ಕಲಿಸಿದರು. ಹೆಂಡತಿ ಮೈಲಮ್ಮ ಅವರಿಗೆಲ್ಲ ರೊಟ್ಟಿ ಬಡಿದು ಹಾಕಿದರು. ಇವತ್ತು ಕೊಟ್ಟೂರಿನಲ್ಲಾಗಲಿ ಹಡಗಲಿಯಲ್ಲಾಗಲಿ ಹಗರಿಬೊಮ್ಮನಹಳ್ಳಿಯಲ್ಲಾಗಲಿ ಯಾರಾದರೂ ಪಿಟೀಲು ಕಲಿಸುತ್ತಿದ್ದರೆ ಅವರು ಆ ಮನೆಯ ರೊಟ್ಟಿ ತಿಂದವರೇ. ಕಮಾನು ಎಳೆಯುವ ರೀತಿ ನೋಡಿಯೇ ತಿಳಿದವರು ಇದು ಹರಪನಹಳ್ಳಿ ಕೈ ಎನ್ನುತ್ತಾರೆ.

ಗೀತಮ್ಮ ಚಿಗಟೇರಿಯ ಹುಡುಗಿ. ಭಜನೆಯಲ್ಲಿ ಹಾಡುತ್ತಿದ್ದ ತಂದೆ ಬೆನಕಪ್ಪ ಆಕೆಯನ್ನು ಹನ್ನೊಂದನೆಯ ವಯಸ್ಸಿನಲ್ಲಿ ಗುರುಗಳ ಮನೆಗೆ ತಂದು ಬಿಟ್ಟ. ಗುರುಗಳು ಹೊಡೆಯುತ್ತಿದ್ದರು. ಕೂದಲು ಉದುರಿದ ಹಳೆಯ ಕಮಾನಿನ ಕೋಲೊಂದು ಸದಾ ಅವರ ಬಲಗಡೆಗೆ ಇರುತ್ತಿತ್ತು. ಸ್ವರ ತಪ್ಪಿದ ಬೆರಳಿನ ಮೇಲೆಯೇ ಅದು ಬೀಳುತ್ತಿತ್ತು. ಸಂಜೆ ಅದೇ ಬೆರಳಿಗೆ ಅವರೇ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದರು, ಮಂಡಕ್ಕಿ ಒಗ್ಗರಣೆ ತರಿಸಿ ತಿನ್ನಿಸುತ್ತಿದ್ದರು. ಗೀತಮ್ಮ ಈ ಕಥೆಯನ್ನು ಎಲ್ಲರಿಗೂ ನಗುತ್ತ ಹೇಳುತ್ತಿದ್ದಳು. ಆ ಎಣ್ಣೆಯ ಬಿಸಿ ಇನ್ನೂ ಬೆರಳಲ್ಲಿದೆ ಎನ್ನುತ್ತಿದ್ದಳು. ಆ ಮನೆಗೆ ಹೋದ ಮೊದಲ ತಿಂಗಳು ಕೋಲು ಎತ್ತಿದ್ದನ್ನು ಕಂಡೇ ಕೂತಲ್ಲಿ ಉಚ್ಚೆ ಹೊಯ್ದುಕೊಂಡಿದ್ದು, ಯಾರಿಗೂ ಕಾಣದಂತೆ ಚಾಪೆಯನ್ನು ಹಿತ್ತಲಿಗೆ ಒಯ್ದು ತೊಳೆದಿದ್ದು, ಇದನ್ನು ಮಾತ್ರ ಗಂಡನಿಗೂ ಹೇಳಿರಲಿಲ್ಲ.

ಗುರುಗಳು ತೀರಿಕೊಂಡಾಗ ಮೈಲಮ್ಮ ಶಿಷ್ಯರಿಗೆಲ್ಲ ಒಂದೊಂದು ನೆನಪಿನ ವಸ್ತು ಕೊಟ್ಟರು. ಒಬ್ಬರಿಗೆ ಶಾಲು, ಒಬ್ಬರಿಗೆ ಕನ್ನಡಕ. ಗೀತಮ್ಮ ತಾನಾಗಿಯೇ ಆ ಕೋಲನ್ನು ಕೇಳಿ ತಂದಳು. ಗೋಡೆಗೆ ತೂಗುಹಾಕಿ ಕುಂಕುಮ ಹಚ್ಚಿದಳು. ಕೆಲವು ದಿನ ಅದು ಗೋಡೆಯ ಮೇಲೆಯೇ ಇತ್ತು. ಆಮೇಲೆ ಆಕೆಯ ಬಲಗಡೆಗೆ ಬಂತು.

ಆ ವರ್ಷ ಆಕೆಯ ಬಳಿ ಕಲಿಯುತ್ತಿದ್ದವರಲ್ಲಿ ಮೇಘಾ ಎಂಬ ಹುಡುಗಿ ಇದ್ದಳು. ಹೊಸಹಳ್ಳಿಯವಳು, ಏಳನೆಯ ತರಗತಿ. ತಂದೆ ಚೌಡಣ್ಣ ಕುರಿ ಸಾಕುವವನು, ತಾಯಿ ಅಂಜಿನಕ್ಕ ಹೊಲದ ಕೆಲಸದವಳು. ಶಾಲೆಯ ಕಾರ್ಯಕ್ರಮವೊಂದರಲ್ಲಿ ಗೀತಮ್ಮನ ಪಿಟೀಲು ಕೇಳಿ, ತನಗೂ ಕಲಿಸಿರೆಂದು ಹುಡುಗಿಯೇ ಬಂದು ನಿಂತಿದ್ದಳು. ಶನಿವಾರ, ಭಾನುವಾರ ಬಸ್ಸಿಗೆ ಬರುತ್ತಿದ್ದಳು. ಗೀತಮ್ಮ ಗುರುಗಳಂತೆಯೇ ಫೀಸು ಬೇಡವೆಂದಳು, ತನ್ನ ಹಳೆಯ ಪಿಟೀಲನ್ನೇ ಕೊಟ್ಟು ಕಳಿಸಿದಳು. ಹುಡುಗಿಯ ಕಿವಿ ಚೆನ್ನಾಗಿತ್ತು. ಇಂಥ ಕಿವಿ ತನ್ನ ಮನೆಗೆ ಹಿಂದೆ ಬಂದಿಲ್ಲ ಎಂದು ಗೀತಮ್ಮ ನನ್ನ ಹತ್ತಿರ ಹೇಳಿದ್ದುಂಟು, ಆದರೆ ಹುಡುಗಿಗೆ ಹೇಳಲಿಲ್ಲ. ಗುರುಗಳ ಮನೆಯಲ್ಲಿ ಹೊಗಳುವ ಪದ್ಧತಿ ಇರಲಿಲ್ಲ.

ಗುರುಗಳ ಮೊದಲ ವರ್ಷದ ಪುಣ್ಯಸ್ಮರಣೆ ಹರಪನಹಳ್ಳಿಯಲ್ಲಿ ಎಂದು ನಿಶ್ಚಯವಾಯಿತು. ಪ್ರತಿಯೊಬ್ಬ ಶಿಷ್ಯರೂ ತಮ್ಮ ಒಬ್ಬ ವಿದ್ಯಾರ್ಥಿಯನ್ನು ಕರೆತಂದು ಅವರ ಪಿಟೀಲು ಕೇಳಿಸಬೇಕೆಂದು ಹಿರಿಯ ಶಿಷ್ಯ ಪಾಲಾಕ್ಷಪ್ಪ ಹಡಗಲಿಯಿಂದ ಫೋನು ಮಾಡಿದರು. ಗೀತಮ್ಮ ಮೇಘಾಳ ಹೆಸರು ಕೊಟ್ಟಳು. ಭೂಪ ರಾಗ ಎಂದಾಯಿತು. ಐದೇ ಸ್ವರಗಳ ರಾಗ ಅದು, ಮಧ್ಯಮ ಅದರಲ್ಲಿ ಇಲ್ಲವೇ ಇಲ್ಲ. ಆದರೆ ಮೇಘಾಳ ಉಂಗುರ ಬೆರಳು ಕೇಳುತ್ತಿರಲಿಲ್ಲ. ವೇಗವಾಗಿ ಮೇಲೇರುವಾಗ ಅದು ತಂತಿಯ ಮೇಲೆ ತಾನಾಗಿ ಕೂತು ಆ ಇಲ್ಲದ ಮಧ್ಯಮವನ್ನು ಮುಟ್ಟಿಬಿಡುತ್ತಿತ್ತು.

ಅದೊಂದು ಭಾನುವಾರ. ಉಳಿದ ಮಕ್ಕಳು ಹೋಗಿದ್ದರು. ಮೇಘಾ ಬಾರಿಸಿದಳು, ಬೆರಳು ತಪ್ಪಿತು. ಮತ್ತೆ ಬಾರಿಸಿದಳು, ಮತ್ತೆ ತಪ್ಪಿತು. ಹರಪನಹಳ್ಳಿಯ ವೇದಿಕೆಯ ಕೆಳಗೆ ಗುರುಗಳ ಶಿಷ್ಯರೆಲ್ಲ ಕೂತಿರುವುದು, ಪಾಲಾಕ್ಷಪ್ಪ ಮುಖ ಸಿಂಡರಿಸುವುದು ಗೀತಮ್ಮನ ಕಣ್ಣಿಗೆ ಕಟ್ಟಿತು. ಕೋಲು ಎತ್ತಿದಳು. ಹಿಂದೆ ಎಷ್ಟೋ ಸಲ ಮಕ್ಕಳಿಗೆ ಹೊಡೆದಿದ್ದಳು, ಆದರೆ ಅಷ್ಟು ಜೋರಾಗಿ ಅಲ್ಲ. ಬೆರಳು ತಂತಿಗೂ ಕೋಲಿಗೂ ನಡುವೆ ಸಿಕ್ಕಿತು. ಸಣ್ಣದೊಂದು ಸದ್ದು ಕೇಳಿತು, ಗೀತಮ್ಮ ಅದನ್ನು ಕೋಲಿನ ಸದ್ದೆಂದುಕೊಂಡಳು.

ಮೇಘಾ ಅಳಲಿಲ್ಲ. "ತಪ್ಪಾತ್ರಿ ಟೀಚರ್, ಇನ್ನೊಮ್ಮಿ ಬಾರಸ್ತೀನ್ರಿ" ಎಂದಳು. ಬಾರಿಸಿದಳು. ಈ ಸಲ ಮಧ್ಯಮ ಬರಲಿಲ್ಲ, ಆ ಬೆರಳು ಎದ್ದೇ ಇತ್ತು. ಹೊಡೆತಕ್ಕೆ ಬುದ್ಧಿ ಬಂತು ಎಂದುಕೊಂಡು ಗೀತಮ್ಮ ಸಮಾಧಾನಪಟ್ಟಳು. ಹುಡುಗಿ ಹೋಗುವಾಗ ಕೊಬ್ಬರಿ ಎಣ್ಣೆ ಹಚ್ಚಲು ಕರೆದಳು. ಬಸ್ಸು ತಪ್ಪುತ್ತದೆಂದು ಮೇಘಾ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೇ ಮೆಟ್ಟಿಲಿಳಿದಳು.

ಮುಂದಿನ ಶನಿವಾರ ಹುಡುಗಿ ಬರಲಿಲ್ಲ. ಅಂಜಿನಕ್ಕನ ಫೋನು ಹತ್ತಲಿಲ್ಲ. ಕಾರ್ಯಕ್ರಮ ಹತ್ತಿರ ಬಂದಿತ್ತು. ಭಾನುವಾರ ಬೆಳಿಗ್ಗೆ ಗೀತಮ್ಮ ಹೊಸಹಳ್ಳಿಯ ಬಸ್ಸು ಹತ್ತಿದಳು. ಆಗಲೂ ಮನಸ್ಸಿನಲ್ಲಿ ಇದ್ದದ್ದು ಹುಡುಗಿಯ ಕೈಯಲ್ಲ, ಭೂಪ ರಾಗವೇ ಎಂದು ಆಮೇಲೆ ನನಗೆ ಹೇಳಿದಳು.

ಟೀಚರು ಮನೆಗೆ ಬಂದರೆಂದು ಅಂಜಿನಕ್ಕ ಗಾಬರಿಯಾದಳು. ಕಂಬಳಿ ಕೊಡವಿ ಹಾಸಿದಳು, ಪಕ್ಕದ ಮನೆಯಿಂದ ಹಾಲು ತಂದು ಚಹಾಕ್ಕಿಟ್ಟಳು. ಮೇಘಾ ಒಳಗಿನಿಂದ ಬಂದು ನಿಂತಳು. ಎಡಗೈಯ ಉಂಗುರ ಬೆರಳಿಗೆ ಅರಿಸಿನದ ಬಟ್ಟೆ ಸುತ್ತಿತ್ತು. ಅದರ ಪಕ್ಕದ ಬೆರಳೂ ಬಾತು ಹೊಳೆಯುತ್ತಿತ್ತು.

ಅಂಜಿನಕ್ಕನೇ ಮಾತು ತೆಗೆದಳು. "ನೀರಿನ ತೊಟ್ಟಿ ಹತ್ರ ಜಾರಿ ಬಿದ್ದಾಳಂತ್ರಿ. ಅರಿಷಿಣ ಸುಣ್ಣ ಹಚ್ಚೀನಿ, ಬಾವು ಇಳೀವಲ್ದು. ನಿಮ್ಮ ಕಾರ್ಯಕ್ರಮ ಹಾಳಾತಲ್ಲ ಅಂತ ನಮಗ ಭಾಳ ಬ್ಯಾಸರಾಗೈತ್ರಿ."

ಗೀತಮ್ಮ ಹುಡುಗಿಯ ಕಡೆ ನೋಡಿದಳು. ಹುಡುಗಿ ಬೇಡವೆನ್ನುವಂತೆ ಸಣ್ಣಗೆ ತಲೆ ಆಡಿಸಿದಳು. ತನ್ನ ಸುಳ್ಳನ್ನು ಟೀಚರು ಒಡೆಯಬಾರದೆಂದು ಆಕೆ ಕೇಳಿಕೊಳ್ಳುತ್ತಿದ್ದಳು. ಟೀಚರ ಮಾನ ಉಳಿಸಲು ಹನ್ನೆರಡು ವರ್ಷದ ಹುಡುಗಿ ವಾರವಿಡೀ ಮುರಿದ ಬೆರಳು ಹೊತ್ತು ತಿರುಗಿದ್ದಳು. ಅಂಜಿನಕ್ಕ ಚಹಾ ಕೊಟ್ಟಳು. ಗೀತಮ್ಮ ಕುಡಿದಳು. ಆ ಚಹಾವನ್ನು ಹೇಗೆ ನುಂಗಿದೆನೋ ಎಂದು ಈಗಲೂ ಆಕೆಗೆ ತಿಳಿಯುವುದಿಲ್ಲ. ದವಾಖಾನೆಗೆ ತೋರಿಸಿರೆಂದು ಹೇಳಿ, ಕಂಬಳಿಯಿಂದೆದ್ದು, ಬಸ್ ನಿಲ್ದಾಣದವರೆಗೆ ನಡೆದು ಬಂದುಬಿಟ್ಟಳು.

ಬಸ್ಸು ಬಂತು. ಕಂಡಕ್ಟರು ಪರಿಚಯದವನು, ಕೊಟ್ರಸ್ವಾಮಿಯ ಹೆಂಡತಿಯೆಂದು ಮುಂದಿನ ಸೀಟು ತೋರಿಸಿ ಹತ್ತಿರೆಂದ. ಒಂದು ಕಾಲು ಮೆಟ್ಟಿಲಿಗಿಟ್ಟ ಗೀತಮ್ಮ ಅದನ್ನು ಹಿಂದಕ್ಕೆ ತೆಗೆದಳು.

ತಿರುಗಿ ಹೋದಾಗ ಅಂಜಿನಕ್ಕ ಅಂಗಳದಲ್ಲಿ ಚಹಾದ ಲೋಟ ತೊಳೆಯುತ್ತಿದ್ದಳು. ಗೀತಮ್ಮ ಕೂರದೆ ನಿಂತೇ ಹೇಳಿದಳು. "ಅಂಜಿನಕ್ಕ, ಆಕಿ ಬಿದ್ದಿಲ್ಲ. ನಾನ ಹೊಡದೀನಿ. ಕೋಲಿಲೆ ಹೊಡದೀನಿ."

ಅಂಜಿನಕ್ಕ ಲೋಟ ಬೋರಲು ಹಾಕಿ, ಸೆರಗಿಗೆ ಕೈ ಒರೆಸಿಕೊಂಡಳು. ಬೈಗುಳ ಬರಲೆಂದು ಗೀತಮ್ಮ ಕಾದಳು. ಬೈದಿದ್ದರೆ ಹಗುರವಾಗುತ್ತಿತ್ತು.

"ಕಲಿಸೋರು ಹೊಡೀದ ಇರ್ತಾರೇನ್ರಿ" ಎಂದಳು ಅಂಜಿನಕ್ಕ. "ನಿಮಗೂ ನಿಮ್ಮ ಗುರುಗಳು ಹೊಡದಿರಬೇಕಲ್ರಿ." ಅಷ್ಟು ಹೇಳಿ, ಮಗಳು ಸುಳ್ಳು ಹೇಳಿದ್ದಕ್ಕೆ ತಾನೇ ತಪ್ಪು ಒಪ್ಪಿಕೊಳ್ಳುವವಳಂತೆ ತಲೆ ತಗ್ಗಿಸಿದಳು.

ಚೌಡಣ್ಣನಿಗೆ ಸುದ್ದಿ ಹೋಗಿ, ಆತ ಕುರಿಗಳನ್ನು ಅಣ್ಣನಿಗೆ ಒಪ್ಪಿಸಿ ಬಂದ. ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಕೂಡ್ಲಿಗಿಯ ಆಸ್ಪತ್ರೆಗೆ ಕರೆದೊಯ್ದ. ಗೀತಮ್ಮ ಅವರ ಹಿಂದೆಯೇ ಬಸ್ಸಿಗೆ ಬಂದು ಸೇರಿಕೊಂಡಳು. ಬೆಂಚಿನ ಆ ತುದಿಗೆ ಆತ, ಈ ತುದಿಗೆ ಈಕೆ, ನಡುವೆ ಮೇಘಾ. ಎಕ್ಸ್‌ರೇ ನೋಡಿದ ಡಾಕ್ಟರು ಮೂಳೆ ಬಿರಿದಿದೆ, ತಡವಾಗಿ ತಂದಿದ್ದೀರಿ ಎಂದರು. ಹೇಗಾಯಿತೆಂದು ಕೇಳಿದಾಗ ಗೀತಮ್ಮ ತಾನು ಹೊಡೆದದ್ದೆಂದು ಹೇಳಿದಳು. ದೂರು ಕೊಡುತ್ತೀರಾ ಎಂದು ಡಾಕ್ಟರು ಚೌಡಣ್ಣನನ್ನು ಕೇಳಿದರು. ಆತ ಬೇಡವೆಂದ. ಅಷ್ಟು ಹೊತ್ತೂ ಗೀತಮ್ಮನ ಮುಖ ನೋಡಿರಲಿಲ್ಲ. ಪಟ್ಟಿ ಕಟ್ಟಿಸಿಕೊಂಡು ಹೊರಡುವಾಗ, ಬೈಕಿಗೆ ಕೀಲಿಕೈ ತೂರಿಸುತ್ತ, ಅದನ್ನೇ ನೋಡುತ್ತ ಹೇಳಿದ: "ಇನ್ನ ಆಕಿನ್ನ ಕಳಸಂಗಿಲ್ರಿ."

ಆ ವಾರದಲ್ಲೇ ಆತ ಪಿಟೀಲನ್ನೂ ತಂದುಕೊಟ್ಟು ಹೋದ. ಗೀತಮ್ಮ ಪೆಟ್ಟಿಗೆ ತೆರೆದಾಗ ಒಗೆದ ಟವೆಲಿನಲ್ಲಿ ಪಿಟೀಲು ಸುತ್ತಿಟ್ಟಿತ್ತು. ಬಹಳ ದಿನ ಬಾರಿಸದೆ ಇಡುವಾಗ ಮಾಡಬೇಕೆಂದು ತಾನು ಕಲಿಸಿದ್ದಂತೆಯೇ ತಂತಿಗಳನ್ನು ಸ್ವಲ್ಪ ಸಡಿಲಿಸಿತ್ತು, ಕಮಾನಿನ ಕೂದಲನ್ನೂ ಸಡಿಲಿಸಿತ್ತು. ಪಟ್ಟಿ ಕಟ್ಟಿದ ಕೈಯಲ್ಲಿ ಹುಡುಗಿ ಅದನ್ನು ಹೇಗೆ ಮಾಡಿದಳೋ. ಆ ದಿನ ನಮ್ಮ ಬೀದಿಯಲ್ಲಿ ಪಿಟೀಲು ಕೇಳಿಸಲಿಲ್ಲ. ನಾನು ಏಕೆಂದು ವಿಚಾರಿಸಲು ಹೋದಾಗ ಗೀತಮ್ಮ ಬಾಗಿಲು ತೆರೆಯಲಿಲ್ಲ. ಕೋಲನ್ನು ಆಕೆ ಒಲೆಗೆ ಹಾಕಿದಳೆಂದು ಕೊಟ್ರಸ್ವಾಮಿ ಹೇಳಿದ.

ಪುಣ್ಯಸ್ಮರಣೆಗೆ ಆಕೆ ಒಬ್ಬಳೇ ಹೋದಳು. ಮಧ್ಯಾಹ್ನದ ಊಟದ ಪಂಕ್ತಿಯಲ್ಲಿ ಶಿಷ್ಯರೆಲ್ಲ ಒಟ್ಟಿಗೆ ಕೂತರು. ಮಾತು ಎಂದಿನಂತೆ ಹೊಡೆತದ ಕಡೆಗೆ ಬಂತು. ಒಬ್ಬರು ಬೆರಳ ಗೆಣ್ಣಿನ ಗಂಟು ತೋರಿಸಿದರು, ಇನ್ನೊಬ್ಬರು ಅದು ಏನೂ ಅಲ್ಲವೆಂದು ತಮ್ಮದು ತೋರಿಸಿದರು. ಅದು ಗುರುಗಳ ಪ್ರಸಾದ ಎಂದು ನಗೆಯೆದ್ದಿತು. ಪ್ರತಿ ಸಲವೂ ಆ ನಗೆಯಲ್ಲಿ ಗೀತಮ್ಮನದೂ ಇರುತ್ತಿತ್ತು. ಈ ಸಲ ಆಕೆಯ ಕಣ್ಣಿಗೆ ಬಿದ್ದದ್ದು ಪಂಕ್ತಿಯಲ್ಲಿ ಇಲ್ಲದವರು. ತನ್ನ ಜೊತೆಗೆ ಕಲಿಯಲು ಬಂದವರಲ್ಲಿ ಅರ್ಧಕ್ಕರ್ಧ ಮಂದಿ ಯಾವಾಗಲೋ ಬಿಟ್ಟು ಹೋಗಿದ್ದರು. ಅವರ ಬೆರಳು ಏನಾದವೆಂದು ಇಲ್ಲಿ ಯಾರೂ ಕೇಳಿರಲಿಲ್ಲ. ತಾನೂ ಕೇಳಿರಲಿಲ್ಲ.

ಸಂಜೆಯ ಸಭೆಯಲ್ಲಿ ಗುರುಗಳ ಬೋಧನೆಯ ಬಗ್ಗೆ ಮಾತಾಡಲು ಆಕೆಯನ್ನು ಕರೆದರು. ಗುರುಗಳು ಕೊಟ್ಟ ವಿದ್ಯೆಯಿಂದಲೇ ತಾನು ಅನ್ನ ತಿನ್ನುತ್ತಿರುವುದಾಗಿ ಹೇಳಿದಳು. ಆಮೇಲೆ, ಅವರ ಕೋಲಿನಿಂದ ತಾನು ಒಂದು ಹುಡುಗಿಯ ಬೆರಳು ಮುರಿದೆನೆಂದೂ, ಇವತ್ತು ಇಲ್ಲಿ ಬಾರಿಸಬೇಕಾಗಿದ್ದವಳು ಅವಳೇ ಎಂದೂ ಹೇಳಿದಳು. ಚಾಪೆ ತೊಳೆದದ್ದನ್ನೂ ಹೇಳಿದಳು. ಪಾಲಾಕ್ಷಪ್ಪ ಮೈಕು ತೆಗೆದುಕೊಂಡು, ಗುರುಗಳ ನೆನಪಿನಲ್ಲಿ ಗೀತಮ್ಮನವರು ಭಾವುಕರಾಗಿದ್ದಾರೆ ಎಂದರು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಗೆ ಗೀತಮ್ಮನಿಗೆ ಭೂಮಿಗಿಳಿದು ಹೋಗಬೇಕೆನ್ನಿಸಿತು.

ಮೈಲಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದರು. ಎಂಬತ್ತು ದಾಟಿದ ಜೀವ. ಗೀತಮ್ಮ ಕಾಲಿಗೆ ಬೀಳಲು ಹೋದಾಗ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಕಡೀ ವರ್ಷ ಅವರು ಹಾಸಿಗಿ ಹಿಡದಾಗ ದೊಡ್ಡ ಶಿಷ್ಯರ ಹೆಸರು ಬಾಯಾಗ ಬರ್ತಿದ್ದಿಲ್ಲ" ಎಂದರು ಮೈಲಮ್ಮ. "ಬಿಟ್ಟು ಹೋದ ಹುಡುಗರ ಹೆಸರು ಹೇಳೋರು. ಆ ಹುಡುಗ ಯಾಕ ಹೋದ, ನಾ ಹೊಡದಿದ್ದಕ್ಕೇನ ಅನ್ನೋರು. ಕರಸಿ ಮಾತಾಡ್ರಿ ಅಂದ್ರ ಗ್ವಾಡಿ ಕಡಿ ಮಾರಿ ತಿರುಗಿಸೋರು. ನೀ ಆ ಹುಡುಗಿ ಮನಿಗೆ ಹೋಗಿದ್ದಿಯೇನವಾ?"

"ಹೋಗಿದ್ದೆ."

"ಏನಂದ್ರು?"

"ಚಾ ಕೊಟ್ರು" ಎಂದಳು ಗೀತಮ್ಮ.

ಈಗ ಆಕೆಯ ಮನೆಯಲ್ಲಿ ಪಾಠ ನಡೆಯುತ್ತದೆ. ಮಕ್ಕಳು ತಪ್ಪಿದರೆ ಆಕೆ ತಾನೇ ಬಾರಿಸಿ ತೋರಿಸುತ್ತಾಳೆ, ಮತ್ತೆ ತಪ್ಪಿದರೆ ಮತ್ತೆ ತೋರಿಸುತ್ತಾಳೆ. ಕೆಲವು ತಂದೆತಾಯಿಗಳಿಗೆ ಇದು ಸರಿಬಂದಿಲ್ಲ. ಟೀಚರು ಸಡಿಲಾದರು, ಮಕ್ಕಳಿಗೆ ಹೆದರಿಕೆಯೇ ಇಲ್ಲ ಎನ್ನುತ್ತಾರೆ. ಇಬ್ಬರು ಮಕ್ಕಳನ್ನು ಬಿಡಿಸಿಯೂ ಬಿಟ್ಟರು. ಪಾಲಾಕ್ಷಪ್ಪ ಫೋನು ಮಾಡುವುದನ್ನು ನಿಲ್ಲಿಸಿದ್ದಾರೆ. ಇದನ್ನೆಲ್ಲ ಬರೆ, ನನ್ನ ಹೆಸರೂ ಹಾಕು ಎಂದು ಗೀತಮ್ಮನೇ ನನಗೆ ಹೇಳಿದಳು.

ಹೊಸಹಳ್ಳಿಗೆ ಆಕೆ ಮತ್ತೆ ಒಮ್ಮೆ ಹೋಗಿದ್ದಳು. ಮೇಘಾಳಿಗೆ ಬೇರೆ ಯಾರಿಂದಾದರೂ ಕಲಿಸುವ ವ್ಯವಸ್ಥೆ ಮಾಡಲೇ ಎಂದು ಕೇಳಿದಳು. ಅಂಜಿನಕ್ಕ ಗಂಡನ ಕಡೆ ನೋಡಿದಳು. ಚೌಡಣ್ಣ ಎದ್ದು ಕುರಿಹಟ್ಟಿಯ ಕಡೆ ಹೋದ. ಆಮೇಲೆ ಗೀತಮ್ಮ ಹೋಗಲಿಲ್ಲ. ಮತ್ತೆ ಮತ್ತೆ ಹೋದರೆ ಅವರು ಮತ್ತೆ ಮತ್ತೆ ಕಂಬಳಿ ಹಾಸಬೇಕಾಗುತ್ತದೆ ಎಂದಳು.

ಕಳೆದ ತಿಂಗಳು ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ಮೇಘಾ ಸಿಕ್ಕಳು. ಶಾಲೆಯ ಹುಡುಗಿಯರ ಗುಂಪಿನಲ್ಲಿದ್ದಳು, ಎತ್ತರವಾಗಿದ್ದಳು. ಓಡಿ ಬಂದು ಆರಾಮಿದ್ದೀರೇನೆಂದು ಕೇಳಿದ್ದು ಅವಳೇ. ಗೀತಮ್ಮ ಬೆರಳಿನ ಬಗ್ಗೆ ಕೇಳಿದಳು. ಹುಡುಗಿ ಕೈ ಚಾಚಿ ಮಡಚಿ ತೋರಿಸಿದಳು. ಉಂಗುರ ಬೆರಳು ಪೂರ್ತಿ ಮಡಚಲಿಲ್ಲ, ಉಳಿದವುಗಳಿಗಿಂತ ಸ್ವಲ್ಪ ಮೇಲೆ ನಿಂತಿತು.

"ನೋವೇನಿಲ್ರಿ. ಈಗ ಖೋಖೋ ಆಡ್ತೀನ್ರಿ, ತಾಲೂಕಿಗೆ ಆರಿಸ್ಯಾರ" ಎಂದಳು.

ಗೀತಮ್ಮ ಒಳ್ಳೆಯದೆಂದಳು. ಚೆನ್ನಾಗಿ ಆಡು ಎಂದಳು. ನಿನ್ನ ಕಿವಿ ಬಹಳ ಒಳ್ಳೆಯದಿತ್ತು, ಅದನ್ನು ನಿನಗೆ ಯಾವತ್ತೂ ಹೇಳಲಿಲ್ಲ ಎಂದೂ ಹೇಳಿದಳು. ಹುಡುಗಿ ಗೆಳತಿಯರ ಕಡೆ ತಿರುಗಿ ನೋಡಿದಳು. ಅವರ ಬಸ್ಸು ಬಂದಿತ್ತು. ಬರ್ತೀನ್ರಿ ಎಂದು ಓಡಿ ಹತ್ತಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಗೀತಮ್ಮ ಅಲ್ಲೇ ನಿಂತಿದ್ದಳು.