ಎಣಿಸದೆ ಬಿಟ್ಟ ಪಾಠ

ಹುಮನಾಬಾದಿನ ಮಗ್ಗುಲ ಹುಡಗಿ ಊರಿನಲ್ಲಿ ಜಗದೇವಿ ಎಂಬ ಹೆಣ್ಣುಮಗಳಿದ್ದಾಳೆ. ಹುಟ್ಟಿನಿಂದ ಕಣ್ಣಿಲ್ಲ. ಹಾಸ್ಟೆಲ್ಲಿನಲ್ಲಿದ್ದು ಎಂ.ಎ. ಮಾಡಿದವಳು, ಈಗ ಅಣ್ಣನ ಮನೆಯಲ್ಲಿ ಕೂತು ಪುಸ್ತಕ ಕೇಳುವುದೇ ಆಕೆಯ ಉದ್ಯೋಗ. ಊರವರಿಗೆ ಇದನ್ನು ಉದ್ಯೋಗವೆಂದು ಒಪ್ಪಲು ಇನ್ನೂ ಮನಸ್ಸಾಗಿಲ್ಲ. ಕಿವಿಯಲ್ಲಿ ವೈರು ಸಿಗಿಸಿಕೊಂಡು ಕೂತವಳಿಗೆ ಪಗಾರ ಯಾರು ಕೊಡುತ್ತಾರೆ ಎಂದು ಕಿರಾಣಿ ಅಂಗಡಿಯ ಮುಂದೆ ನಗುತ್ತಾರೆ. ನಗುವವರಿಗೆ ಬೇರೆ ಕೆಲಸವಿಲ್ಲ, ಆಕೆಗೆ ಇದೆ.

ಬಸವಕಲ್ಯಾಣದಲ್ಲಿ ಓಂಪ್ರಕಾಶ ಎಂಬಾತ ಒಂದು ಸಣ್ಣ ಸಂಸ್ಥೆ ನಡೆಸುತ್ತಾನೆ. ಕುರುಡು ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸುವುದು ಅಲ್ಲಿಯ ಕೆಲಸ. ಇಳಿಸಿದ್ದನ್ನು, ಪರದೆಯ ಅಕ್ಷರಗಳನ್ನು ಓದಿ ಹೇಳುವ ಸ್ಕ್ರೀನ್ ರೀಡರಿನಲ್ಲಿ ಕೇಳಿ ತಪ್ಪು ಹುಡುಕುವವಳು ಜಗದೇವಿ. ಕಣ್ಣಿದ್ದವರು ಅಕ್ಷರ ದಪ್ಪಗಿದ್ದರೆ ಪಾಠದ ಹೆಸರು ಎಂದುಕೊಳ್ಳುತ್ತಾರೆ. ಸ್ಕ್ರೀನ್ ರೀಡರಿಗೆ ದಪ್ಪ ತೆಳ್ಳಗಿನ ಗೊಡವೆಯಿಲ್ಲ. ಇದು ಹೆಡಿಂಗ್ ಎಂದು ಒಳಗೆ ಗುರುತು ಹಾಕಿದ್ದರೆ ಎಚ್ ಕೀ ಒತ್ತಿದೊಡನೆ ಅಲ್ಲಿಗೆ ಜಿಗಿಯುತ್ತದೆ, ಇಲ್ಲದಿದ್ದರೆ ಆ ಪಾಠವನ್ನೇ ದಾಟಿ ಮುಂದಿನದಕ್ಕೆ ಹೋಗುತ್ತದೆ.

ಅದಕ್ಕೇ ಆಕೆಯದೊಂದು ಪದ್ಧತಿಯಿತ್ತು. ಹೊಸ ಪುಸ್ತಕ ಬಂದ ದಿನ ಅಣ್ಣನ ಹೆಂಡತಿ ಸಪ್ನಾ ಅಚ್ಚಿನ ಪುಸ್ತಕ ಹಿಡಿದು ಪಾಠದ ಹೆಸರುಗಳನ್ನು ಓದಬೇಕು, ಜಗದೇವಿ ಬೆರಳು ಮಡಚಿ ಎಣಿಸಬೇಕು, ಆಮೇಲೆ ಎಚ್ ಒತ್ತಿ ತಾಳೆ ನೋಡಬೇಕು. ಎಂಟು ವರ್ಷ ಹೀಗೇ ನಡೆದಿತ್ತು.

ಕಳೆದ ಶ್ರಾವಣದಲ್ಲಿ ಮನೆಗೆ ಬೀಗರು ಬಂದಿದ್ದಾಗ ಸಪ್ನಾ ಚಹಾ ಕೊಡುತ್ತ, "ನನ್ನ ಕಣ್ಣಿಲ್ಲಂದ್ರ ನಮ್ಮ ಜಗದೇವಿ ನೌಕರಿ ಒಂದಿನಾನೂ ನಡ್ಯಾಂಗಿಲ್ಲ ನೋಡ್ರಿ" ಎಂದು ನಗೆಯಾಡಿದಳು. ಬೀಗರು ನಕ್ಕರು. ಜಗದೇವಿಗೆ ಮೈಯೆಲ್ಲ ಉರಿಯಿತು. ಮಾರನೆಯ ದಿನ ಬಿ.ಎ. ಇತಿಹಾಸದ ಪುಸ್ತಕ ಬಂತು. ವೈನಿ ಸಪ್ನಾಳನ್ನು ಜಗದೇವಿ ಕರೆಯಲಿಲ್ಲ. ಪರಿವಿಡಿಯ ಪುಟ ಫೈಲಿನಲ್ಲಿ ಬರೀ ಫೋಟೋ ಆಗಿತ್ತು, ಫೋಟೋ ಮಾತಾಡುವುದಿಲ್ಲ. ಪಾಠಗಳಿಗೆ ಸಂಖ್ಯೆಯೂ ಇರಲಿಲ್ಲ. ಎಚ್ ಒತ್ತಿದಳು, ಹನ್ನೊಂದು ಬಂದವು, ಹನ್ನೊಂದೇ ಇರಬೇಕು ಎಂದುಕೊಂಡಳು. ಪಾಠದ ಕೊನೆಯ ಅಭ್ಯಾಸ ಪ್ರಶ್ನೆಗಳನ್ನು ಯಾರು ಕೇಳುತ್ತಾರೆ, ಅವು ಶುರುವಾದ ಕೂಡಲೇ ಮತ್ತೆ ಎಚ್. ಐದನೆಯ ಪಾಠದ ಪ್ರಶ್ನೆಗಳಾದ ಮೇಲೆ ಇನ್ನೊಂದು ಪಾಠವಿತ್ತು. ಟೈಪು ಮಾಡಿದವರು ಅದರ ಹೆಸರನ್ನು ದಪ್ಪ ಮಾಡಿ, ಗುರುತು ಹಾಕುವುದನ್ನು ಮರೆತಿದ್ದರು. ತಪ್ಪಿಲ್ಲ ಎಂದು ಬರೆದು ಜಗದೇವಿ ಫೈಲು ಕಳಿಸಿಬಿಟ್ಟಳು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ.

ಬೇಸಿಗೆಯಲ್ಲಿ ಓಂಪ್ರಕಾಶನ ಫೋನು ಬಂತು. ಹುಮನಾಬಾದಿನಲ್ಲಿ ಬಿ.ಎ. ಓದುತ್ತಿದ್ದ ನಿರ್ಣಾ ಊರಿನ ಕಾಜಲ ಎಂಬ ಕುರುಡು ಹುಡುಗಿ ಇತಿಹಾಸದಲ್ಲಿ ಫೇಲಾಗಿದ್ದಳು. ಎಚ್ ಒತ್ತುತ್ತ ಕೇಳಿದ ಆಕೆಗೂ ಗುರುತಿಲ್ಲದ ಆ ಪಾಠ ಸಿಕ್ಕಿರಲಿಲ್ಲ, ದೊಡ್ಡ ಪ್ರಶ್ನೆ ಬಿದ್ದದ್ದು ಅದರ ಮೇಲೆಯೇ. ಆಕೆಯ ಅಪ್ಪ ತುಳಜಾರಾಮ ಆಡು ಕಾಯುವವನು, ಇನ್ನು ಕಾಲೇಜು ಸಾಕು ಎಂದಿದ್ದಾನಂತೆ. ಮರುಪರೀಕ್ಷೆಯ ಫಾರಂ ತುಂಬಲು ಶನಿವಾರ ಕೊನೆ.

"ಫೈಲ್ ತಿದ್ದಿಬಿಡೂಣು. ಆ ಹುಡುಗಿಗಿ ಏನೂ ಹೇಳಾಕ ಹೋಗಬ್ಯಾಡ್ರಿ," ಎಂದ ಓಂಪ್ರಕಾಶ.

ಎರಡು ದಿನ ಜಗದೇವಿ ಆ ಫೈಲನ್ನು ಮೊದಲಿನಿಂದ ಸಾಲು ಸಾಲಾಗಿ ಕೇಳಿದಳು. ತನ್ನ ಮೇಲೆ ತನಗೇ ಹೇಸಿಗೆಯಾಗಿತ್ತು. ಮೂರನೆಯ ದಿನ ನಿರ್ಣಾಕ್ಕೆ ಫೋನು ಹಚ್ಚಿ ಕಾಜಲಳಿಗೆ ಎಲ್ಲವನ್ನೂ ಹೇಳಿದಳು.

"ಆ ಪಾಠ ಕೇಳ್ಕೋತ ನಾನೇ ಮಲಗಿರಬೇಕು ಅಂತ ತಿಳದಿದ್ದೆ ಅಕ್ಕಾ," ಎಂದಳು ಹುಡುಗಿ. "ನೀವ ನಮ್ಮಪ್ಪಗ ಹೇಳ್ರಿ. ನಾ ಓದಿಲ್ಲಂತ ಅಲ್ಲ, ಪುಸ್ತಕದಾಗ ತಪ್ಪಿತ್ತು ಅಂತ ಹೇಳ್ರಿ. ಫಾರಂ ತುಂಬಸ್ತಾನ."

ತುಳಜಾರಾಮ ಫೋನು ತೆಗೆದುಕೊಂಡ. ಪೂರ್ತಿ ಕೇಳಿಸಿಕೊಂಡು, "ಆ ಪುಸ್ತಕ ನೋಡಿ ಬರಾಬರ್ ಅದ ಅಂದವರು ನೀವೇ ಏನ್ರಿ?" ಎಂದ.

"ನೋಡಿಲ್ರಿ, ಕೇಳೀನಿ. ನನಗೂ ಕಣ್ಣಿಲ್ಲ."

ಗಡಸು ದನಿ ಒಮ್ಮೆಲೇ ಮೆತ್ತಗಾಯಿತು. "ಹಂಗಾದ್ರ ನಿಮ್ದೇನು ತಪ್ಪದ ತಾಯಿ. ಕಣ್ಣಿಲ್ಲದವರು ಎಷ್ಟಂತ ಮಾಡ್ತೀರಿ."

"ಕಣ್ಣಿನಿಂದ ಆಗಿಲ್ರಿ. ನಮ್ಮ ವೈನಿ ಮ್ಯಾಲಿನ ಸಿಟ್ಟಿಗಿ ಎಣಸದ ಬಿಟ್ಟೆ. ಸೊಕ್ಕು ಮಾಡಿದೆ ನಾ."

"ಇರ್ಲಿ ಬಿಡ್ರಿ. ಮೂರು ವರ್ಷದಿಂದ ನಾ ಇಕಿಗಿ ಇದನ್ನೇ ಹೇಳಾಕತ್ತೀನಿ. ಅಷ್ಟು ಓದಿದ ನಿಮಗೇ ಹಿಂಗಾದ್ರ, ಇಕಿ ಏನು ಮಾಡ್ಯಾಳು? ಮನ್ಯಾಗ ಸುಖವಾಗಿರ್ಲಿ."

ಆತ ಬೈದಿದ್ದರೆ ಜಗದೇವಿ ಕಾಲಿಗೆ ಬೀಳುತ್ತಿದ್ದಳು, ವಾದ ಮಾಡುತ್ತಿದ್ದಳು, ಇನ್ನೊಮ್ಮೆ ಕೇಳುತ್ತಿದ್ದಳು. ಕನಿಕರದ ಎದುರು ಏನು ವಾದ ಮಾಡುವುದು. ಕಣ್ಣಿದ್ದವರಾದರೆ ತಪ್ಪಾದರೂ ಅವರದಾಗಿರುತ್ತದೆ. ಆಕೆಗೆ ಅದೂ ಸಿಗಲಿಲ್ಲ.

ಶನಿವಾರ ಮಧ್ಯಾಹ್ನ ಕಾಲೇಜಿಗೆ ಫೋನು ಮಾಡಿದಳು. ನಿರ್ಣಾದಿಂದ ಯಾರೂ ಬಂದಿಲ್ಲ ಎಂದರು. ತಡೆಯಲಾರದೆ ಮತ್ತೆ ತುಳಜಾರಾಮನಿಗೇ ಹಚ್ಚಿ, ಕಾಜಲಳ ಕೈಗೆ ಒಂದು ನಿಮಿಷ ಫೋನು ಕೊಡಿರೆಂದು ಕೇಳಿಕೊಂಡಳು. ಆತ ಕೊಡಲು ಹೋದದ್ದು ಕೇಳಿಸಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅವನದೇ ದನಿ ಬಂತು.

"ಬೇಜಾರಾಗಬ್ಯಾಡ್ರಿ ತಾಯಿ," ಎಂದ ಸಂಕೋಚದಿಂದ. "ನಿಮ್ಮ ಜೋಡಿ ಮಾತಾಡಾಂಗಿಲ್ಲ ಅಂತಾಳ."