ನೋವಿಗೊಂದು ಚೌಕಾಸಿ

ಹಳೇ ಕುರ್ಚಿ, ಮೇಜು, ಮಂಚ ಮಾರುವ ಆ ಅಂಗಡಿಯ ಯಜಮಾನರನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ಕುರ್ಚಿ ಮಾವ ಎಂದೇ. ಬಾಯಿ ಬಿಟ್ಟರೆ ದುಪ್ಪಟ್ಟು ಬೆಲೆ. ಅದು ಮೋಸವಲ್ಲ, ಗಿರಾಕಿಗೆ ಕೊಡುವ ಮರ್ಯಾದೆ ಎಂಬುದು ಅವರ ವಾದ. ಗಿರಾಕಿ ಅರ್ಧಕ್ಕೆ ಕೇಳಬೇಕು, ಇವರು ಎದೆಯ ಮೇಲೆ ಕೈಯಿಟ್ಟುಕೊಂಡು "ಮನೆ ಮುಳುಗುತ್ತೆ" ಅನ್ನಬೇಕು, ಅವನು ಹೊರಟಂತೆ ಮಾಡಬೇಕು, ಇವರು ಬಾಗಿಲ ತನಕ ಹೋಗಿ ಕರೆತರಬೇಕು, ಆಮೇಲೆ ಇಬ್ಬರೂ ನಡುವೆ ಎಲ್ಲೋ ಒಂದು ಕಡೆ ಒಪ್ಪಬೇಕು. ತುಟಿಪಿಟಕ್ಕೆನ್ನದೆ ಹೇಳಿದಷ್ಟೂ ಕೊಟ್ಟು ಹೋಗುವ ಗಿರಾಕಿ ಬಂದ ದಿನ ಮಾವನಿಗೆ ಊಟ ಸೇರುತ್ತಿರಲಿಲ್ಲ. "ಇನ್ನೂ ಜಾಸ್ತಿ ಹೇಳಬೇಕಿತ್ತು ಕಣೇ" ಎಂದು ಹೆಂಡತಿಯ ತಲೆ ತಿನ್ನುತ್ತಿದ್ದರು.

ಮಾರುವುದರಲ್ಲಿ ಅವರದೊಂದು ವರಸೆಯಿತ್ತು. ಯಾವ ಕುರ್ಚಿ ತೋರಿಸಿದರೂ ಮೊದಲು ತಾವೇ ಅದರಲ್ಲಿ ಕೂತು, ಹೂವೆತ್ತಿದಂತೆ ಮೇಲೆದ್ದು, "ಕಿರ್ ಅಂತಾ? ಇಲ್ಲ ತಾನೇ?" ಎನ್ನುತ್ತಿದ್ದರು. ಅರ್ಧ ವ್ಯಾಪಾರ ಅಲ್ಲಿಗೇ ಕುದುರುತ್ತಿತ್ತು. ಆದರೆ ಸಂಧಿವಾತ ಬಂದು ಬಲಮಂಡಿ ಸವೆದ ಮೇಲೆ ಕುರ್ಚಿ ಸುಮ್ಮನಿದ್ದರೂ ಮಂಡಿ ಸುಮ್ಮನಿರಲಿಲ್ಲ. ಅದು ಕಿರ್ ಎನ್ನುವುದು, ಮಾವ "ಅಯ್ಯಯ್ಯಪ್ಪ" ಎನ್ನುವುದು. "ಯಜಮಾನರಿಗೇ ಈ ಗತಿ ಅಂದ್ರೆ ನಾವು ಕೂತ್ರೆ ಆಯ್ತು ನಮ್ಮ ಕಥೆ" ಎಂದು ಗಿರಾಕಿಗಳು ಎದುರಂಗಡಿಗೆ ನಡೆದರು. ಗಟ್ಟಿಮುಟ್ಟಾದ ಕುರ್ಚಿಗಳೆಲ್ಲ ಪಾಪ, ಯಾರದೋ ಮಂಡಿಯ ದೆಸೆಯಿಂದ ಮಾನ ಕಳೆದುಕೊಂಡು ಮೂಲೆ ಸೇರಿದವು.

ಕೊನೆಗೆ ಹೆಂಡತಿ ಗದರಿಸಿ ಆಸ್ಪತ್ರೆಗೆ ಸೇರಿಸಿದರು. ಸವೆದ ಕೀಲು ಹೋಗಿ ಹೊಸದು ಬಂತು. ಮಾವನಿಗೆ ಬೇಕಾಗಿದ್ದದ್ದು ಇಷ್ಟೇ: ಕೂತರೆ ಕಾಲು ಮಡಚಬೇಕು, ಎದ್ದರೆ ಬಾಯಿಂದ ಸದ್ದು ಬರಬಾರದು. ಆ ಕಾಲು ಮಡಚದಿದ್ದರೆ ಅಂಗಡಿಗೆ ಬೀಗ ಜಡಿದಂತೆಯೇ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆಪರೇಷನ್ ಆದ ಮಾರನೆಯ ದಿನ ವಾರ್ಡಿನ ಸಿಸ್ಟರ್ ಬಂದು ಕೇಳಿದಳು.

"ಅಜ್ಜ, ನೋವು ಎಷ್ಟಿದೆ? ನೋವೇ ಇಲ್ಲದಿದ್ರೆ ಸೊನ್ನೆ, ತಡೆಯೋಕೇ ಆಗಲ್ಲ ಅಂದ್ರೆ ಹತ್ತು. ನೀವೆಷ್ಟು ಹೇಳ್ತೀರಿ?"

ಎಷ್ಟು ಹೇಳ್ತೀರಿ ಅಂತೆ. ಅಲ್ಲ ಸ್ವಾಮಿ, ಜನ್ಮವಿಡೀ ವ್ಯಾಪಾರ ಮಾಡಿದವರಿಗೆ ಕೇಳುವ ಪ್ರಶ್ನೆಯೇ ಇದು? ನಿಜವಾದ ನೋವು ಐದಿತ್ತು. ಆದರೆ ಅಸಲು ಬೆಲೆಯನ್ನು ಯಾರಾದರೂ ಮೊದಲೇ ಹೇಳುತ್ತಾರೆಯೇ? ಮಾವ ಕಣ್ಣು ಮುಚ್ಚಿ, ಗಂಭೀರವಾಗಿ "ಒಂಬತ್ತು" ಅಂದರು. ಆಕೆ ಆರು ಅನ್ನುತ್ತಾಳೆ, ತಾವು ಏಳಕ್ಕೆ ಬರೋಣ ಎಂದು ಒಳಗೊಳಗೇ ಲೆಕ್ಕ ಹಾಕಿಕೊಂಡಿದ್ದರು. ಆಕೆ ಆರೂ ಅನ್ನಲಿಲ್ಲ, ಏಳೂ ಅನ್ನಲಿಲ್ಲ. ಡಾಕ್ಟರನ್ನು ಕೇಳಿಕೊಂಡು ಬಂದು ಇಂಜೆಕ್ಷನ್ ಚುಚ್ಚಿ ಹೊರಟುಹೋದಳು. ನಿದ್ದೆ ಆವರಿಸುವ ಮುಂಚೆ ಮಾವನ ಮನಸ್ಸಿನಲ್ಲಿದ್ದದ್ದು ಒಂದೇ ಸಂಕಟ: ಕೇಳಿದ ತಕ್ಷಣ ಕೊಟ್ಟುಬಿಟ್ಟಳಲ್ಲ, ಕಡಿಮೆ ಹೇಳಿ ಕೆಟ್ಟೆ.

ಮುಂದಿನ ಸಲ ಹನ್ನೆರಡು ಅಂದರು.

"ಹತ್ತರ ಮೇಲೆ ಇಲ್ಲ ಅಜ್ಜ."

"ನಿಮ್ಮಲ್ಲಿ ಇಲ್ಲದೆ ಇರಬಹುದು ತಾಯಿ. ನನ್ನ ಹತ್ರ ಮಾಲು ಇದೆ."

ಸಿಸ್ಟರ್ ಚುರುಕಿನ ಹುಡುಗಿ. ಹನ್ನೆರಡು ನೋವಿನ ಮನುಷ್ಯ ಪಕ್ಕದ ಮಂಚದವರಿಗೆ ಊಟದ ಮೇಜಿನ ಗುಣಗಾನ ಮಾಡುತ್ತ ಕಿಸಿಕಿಸಿ ನಗುತ್ತಿದ್ದುದನ್ನು ಬಾಗಿಲಲ್ಲೇ ನಿಂತು ನೋಡಿದ್ದಳು. "ಹೋಗಲಿ, ನಾಲ್ಕಕ್ಕೆ ಮುಗಿಸೋಣ" ಅಂದಳು. ಮಾವನ ಮುಖ ಊರಗಲ ಆಯಿತು. ಅಬ್ಬಾ, ಈ ಆಸ್ಪತ್ರೆಯಲ್ಲಿ ಮಾತು ಬಲ್ಲವರು ಒಬ್ಬರಾದರೂ ಇದ್ದಾರೆ. ಎಂಟು ಅಂದರು, ಐದು ಅಂದಳು. ಪಕ್ಕದ ಮಂಚದ ನಿವೃತ್ತ ಡ್ರೈವರ್ ದಲ್ಲಾಳಿಯಾಗಿ ನಡುವೆ ಬಾಯಿ ಹಾಕಿದ. ಐದೂವರೆಗೆ ಮಾತು ಮುಗಿದು ಮಾತ್ರೆ ಬಂತು. ಅಂದಿನಿಂದ ಇದೇ ನಿತ್ಯದ ಆಟ. ಸಿಸ್ಟರ್ ನೋವು ಕೇಳಲು ಬರುವ ಹೊತ್ತಿಗೆ ವಾರ್ಡಿನವರೆಲ್ಲ ದಿಂಬಿಗೊರಗಿ ಕಿವಿ ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದರು.

ಆಟ ಕೈಕೊಟ್ಟಿದ್ದು ಹೊಸ ಕೀಲಿಗೆ ಮಾಡಿಸುವ ವ್ಯಾಯಾಮ ಜೋರಾದ ಮೇಲೆ. ಒಂದು ಬೆಳಿಗ್ಗೆ ಮಂಡಿ ಊದಿಕೊಂಡು, ಒಳಗೆ ಯಾರೋ ಸುತ್ತಿಗೆ ಹಿಡಿದು ಕೂತಂತೆ ಹೊಡೆಯತೊಡಗಿತು. ಈ ಸಲದ್ದು ಅಸಲು ನೋವು. ಸಿಸ್ಟರ್ ಬಂದಾಗ ಮಾವ "ಎಂಟು" ಅಂದರು. ಒಂದು ಕಾಳೂ ಸೇರಿಸದ, ಅಪ್ಪಟ ಎಂಟು.

"ನಾಲ್ಕು" ಅಂದಳು ಸಿಸ್ಟರ್, ನಗುತ್ತ.

"ಅಲ್ಲಮ್ಮ, ಎಂಟು."

"ಸರಿ, ಬೆಳಗಿನ ಬೋಣಿ, ನಾಲ್ಕೂವರೆ" ಎಂದು ಚಿಕ್ಕ ಮಾತ್ರೆ ಕೊಟ್ಟು ಮುಂದಿನ ಮಂಚಕ್ಕೆ ಹೋದಳು. ವಾರ್ಡು ಗೊಳ್ಳೆಂದಿತು. ನಿಜವನ್ನು ನಿಜ ಎಂದು ನಂಬಿಸಲು ಯಾವ ದನಿ ತೆಗೆಯಬೇಕೋ ಮಾವನಿಗೆ ಗೊತ್ತಿರಲಿಲ್ಲ. ಎದೆಯ ಮೇಲೆ ಕೈಯಿಟ್ಟುಕೊಳ್ಳುವುದು, ಮನೆ ಮುಳುಗುತ್ತೆ ಅನ್ನುವುದು, ಎಲ್ಲ ದನಿಗಳನ್ನೂ ಸುಳ್ಳಿಗೇ ಖರ್ಚು ಮಾಡಿಯಾಗಿತ್ತು.

ವ್ಯಾಯಾಮ ಮಾಡಿಸುವವನು ಬಂದ. ಮಂಚದಂಚಿನಲ್ಲಿ ಕೂರಿಸಿ ಕಾಲು ಮಡಚಲು ಹೇಳಿದ. ಜಪ್ಪಯ್ಯ ಎಂದರೂ ಮಡಚಲಿಲ್ಲ. ಹಲ್ಲು ಕಚ್ಚಿದರು, ಮಂಚದ ಸರಳು ಹಿಡಿದರು, ಬೆವರು ಕಿತ್ತು ಬಂತು. ಅವನು ತಲೆ ಆಡಿಸಿದ.

"ಯಜಮಾನ್ರೇ, ಈಗ ಮಡಚದೆ ಬಿಟ್ರೆ ಒಳಗೆ ಬಿಗಿದುಕೊಳ್ಳುತ್ತೆ. ಆಮೇಲೆ ಮತ್ತೆ ಪ್ರಜ್ಞೆ ತಪ್ಪಿಸಿ ಡಾಕ್ಟರೇ ಮಡಚಬೇಕಾಗುತ್ತೆ. ಅದಕ್ಕೂ ಬಗ್ಗದಿದ್ರೆ ಕಾಲು ಹಲಗೆ ಥರ ನೆಟ್ಟಗೇ. ಮಧ್ಯಾಹ್ನ ಇನ್ನೊಂದ್ ಸಲ ನೋಡೋಣ."

ಒಂದು ಕಾಲು ಬಾಗಿಲ ಕಡೆ ಚಾಚಿಕೊಂಡು ಕೂತು "ನೋಡಿ, ಎಷ್ಟು ಆರಾಮ" ಎನ್ನುವ ತಮ್ಮನ್ನು ಮಾವ ತಾವೇ ಕಣ್ಣ ಮುಂದೆ ಕಂಡರು. ಗಿರಾಕಿ ಆ ಕಾಲು ದಾಟಿ ಒಳಗೆ ಬರುವುದಾದರೂ ಹೇಗೆ? ಭಯವಾಯಿತು. ಹೆಂಡತಿ ಬಂದ ಕೂಡಲೇ ಮಗುವಿನಂತೆ ದೂರು ಹೇಳಿದರು.

"ನಿಜ ಹೇಳಿದ್ರೂ ನಂಬ್ತಿಲ್ಲ ಕಣೇ."

"ನಂಬ್ತಾರಾ ಮತ್ತೆ? ನಿಮ್ಮ ಬಾಯಿಂದ ಅಸಲು ದರ ಕೇಳಿದವರು ಯಾರಿದ್ದಾರೆ?" ಆಕೆ ದಿಂಬು ಸರಿಮಾಡಿದರು. "ಸಿಸ್ಟರ್ ಕಡಿಮೆ ಮಾಡಿದ್ರೆ ನೀವೇನ್ ಮಾಡ್ತೀರಿ?"

"ಸ್ವಲ್ಪ ಇಳಿಸ್ತೀನಿ."

"ಇಳಿಸಬೇಡಿ. ಎದೆ ಮೇಲೆ ಕೈನೂ ಇಡಬೇಡಿ. ಹೇಳಿ ಸುಮ್ಮನಿರಿ."

ಸುಮ್ಮನಿರಬೇಕಂತೆ. ಅದಕ್ಕಿಂತ ಇನ್ನೊಂದು ಮಂಡಿಯನ್ನೂ ಕೊಯ್ದಿದ್ದರೆ ವಾಸಿಯಿತ್ತು ಅನ್ನಿಸಿತು ಮಾವನಿಗೆ.

ಸಿಸ್ಟರ್ ಬಂದಳು. ವಾರ್ಡು ದಿಂಬಿಗೊರಗಿತು.

"ಹೇಳಿ ಅಜ್ಜ, ಎಷ್ಟು?"

"ಎಂಟು."

"ನಾಲ್ಕು."

"ಎಂಟು."

"ಐದು. ಇದೇ ಕೊನೇ ಮಾತು."

ನಾಲಿಗೆ ತುರಿಸಿತು. ಏಳು ಎನ್ನುವ ಮಾತು ಹಲ್ಲಿನ ಹಿಂದೆಯೇ ಬಂದು ನಿಂತಿತ್ತು. ಡ್ರೈವರ್ ಬೇರೆ "ಆರೂವರೆಗೆ ಮುಗಿಸಿ ಮಾವ, ಇಬ್ಬರಿಗೂ ಬೇಜಾರಿಲ್ಲ" ಎಂದು ಪುಸಲಾಯಿಸಿದ. ಮಾವ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡರು. ಕಣ್ಣಲ್ಲಿ ನೀರು ತುಂಬಿತು.

"ಎಂಟು ತಾಯಿ. ತುಂಬಾ ನೋಯ್ತಿದೆ."

ಸಿಸ್ಟರ್ ನಗು ನಿಲ್ಲಿಸಿದಳು. ಅವರ ಮುಖ ನೋಡಿದಳು, ಹೊದಿಕೆ ಸರಿಸಿ ಊದಿದ ಮಂಡಿ ನೋಡಿದಳು, ಮುಟ್ಟಿದಳು. "ತಪ್ಪಾಯ್ತು ಅಜ್ಜ" ಎಂದು ಡಾಕ್ಟರನ್ನು ಕರೆತರಲು ಓಡಿದಳು. ಡಾಕ್ಟರು ಬಂದು ಪರೀಕ್ಷಿಸಿ ಔಷಧಿ ಬದಲಿಸಿದರು, ಮಂಡಿಗೆ ಐಸ್ ಇಡಿಸಿದರು, ಇನ್ನು ಮೇಲೆ ವ್ಯಾಯಾಮಕ್ಕೆ ಸಾಕಷ್ಟು ಮುಂಚೆಯೇ ನೋವಿನ ಮಾತ್ರೆ ಕೊಡಬೇಕೆಂದು ಹೇಳಿ ಹೋದರು. ಡ್ರೈವರ್ ಗೋಡೆಯ ಕಡೆ ಮಗ್ಗುಲಾದ.

ಮಧ್ಯಾಹ್ನ ಕಾಲು ಹಟ ಬಿಟ್ಟಿತು. ಮೊದಲು ಇಷ್ಟೇ ಇಷ್ಟು, ಆಮೇಲೆ ಇನ್ನಷ್ಟು. ನೋವಿರಲಿಲ್ಲ ಎಂದಲ್ಲ, ಹಲ್ಲು ಕಚ್ಚಿದರೆ ತಡೆಯುವಷ್ಟಿತ್ತು. ವ್ಯಾಯಾಮದವನು ಸಾಕು ಅಂದ ಮೇಲೂ ಮಾವ ಇನ್ನೊಂದು ಸಲ ಮಡಚಿ ತೋರಿಸಿದರು. ಕೇಳಿದ್ದಕ್ಕಿಂತ ಹೆಚ್ಚು ಕೊಟ್ಟದ್ದು ಅವರ ಜೀವಮಾನದಲ್ಲಿ ಅದೇ ಮೊದಲು. ದಿನವೂ ಹೀಗೇ ನಡೆದು, ಕೊನೆಗೊಂದು ದಿನ ಡಾಕ್ಟರು ಮನೆಗೆ ಹೋಗಬಹುದು ಅಂದರು.

ಹೆಂಡತಿ ಗಾಲಿಕುರ್ಚಿ ತಂದು ಮಂಚದ ಪಕ್ಕ ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟುಕೊಂಡರು.

"ರೀ, ನನ್ನ ಜೊತೆ ಮನೆಗೆ ಬರೋಕೆ ಎಷ್ಟು ಖುಷಿ? ಹತ್ತರಲ್ಲಿ ಹೇಳಿ."

ಮಾವನ ಬಾಯಿಗೆ ಮೂರು ಬಂತು. ಬೇಕೇ ಬೇಕು ಅನ್ನಿಸಿದ ವಸ್ತುವಿನ ಮುಂದೆ ಎಂದೂ ಆಸೆ ತೋರಿಸಬಾರದು, ತೋರಿಸಿದರೆ ಬೆಲೆ ಏರುತ್ತದೆ. ಹೆಂಡತಿಯ ಎದುರಿಗೆ ಇಷ್ಟು ವರ್ಷ ಅವರು ಮಾಡಿಕೊಂಡು ಬಂದದ್ದೂ ಇದನ್ನೇ. ಈ ಸಲ ಆ ಮೂರನ್ನು ನುಂಗಿಕೊಂಡರು.

"ಹತ್ತು."

ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡು, ಗಾಲಿಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ತಳ್ಳಿದರು.

"ಸರಿ, ಒಪ್ಪಿದೆ" ಅಂದರು. "ಗಾಡಿಗೆ ಹಾಕಿಸ್ತೀನಿ."